ಸೆಲ್ಮರನ ಕೊನೆಯ ತೋಟಾಗಳು

ತೋಟಾದೊಳಗಿನ ಗುಂಡು ಕೀಳುವ ಪ್ಲಾಸ್ಟಿಕ್ ಸುತ್ತಿಗೆಯನ್ನು ಆರ್ಡಿಸ್ ನೆಲಮಾಳಿಗೆಯ ಸಿಮೆಂಟಿಗೆ ಇನ್ನೊಮ್ಮೆ ಬಡಿಯುತ್ತಿದ್ದಾಗ ಹೊರಗೆ ಕಾರಿನ ಹಾರನ್ ಕೇಳಿಸಿತು. ಅವಳು ತಲೆ ಎತ್ತಲಿಲ್ಲ. ಕಪ್ಪು ಉಡುಪಿನ ತೋಳನ್ನು ಮೊಣಕೈವರೆಗೆ ಏರಿಸಿಕೊಂಡು ಮತ್ತೊಂದು ಏಟು ಹಾಕಿದಳು. ಹಿತ್ತಾಳೆಯ ಬಾಯಿಂದ ಗುಂಡು ಕಳಚಿಕೊಂಡಿತು. ಸುತ್ತಿಗೆಯ ಟೊಳ್ಳಿನೊಳಗೆ ಉದುರಿದ ಮದ್ದನ್ನು ಬಿಳಿಯ ತಟ್ಟೆಗೆ ಸುರಿದು ದೀಪದ ಕೆಳಗೆ ಹಿಡಿದಳು.

ಅಲ್ಲಿರಬೇಕಾದದ್ದು ಒಂದೇ ಬಗೆಯ ಮದ್ದು. ಮುರಿದ ಪೆನ್ಸಿಲ್ ಕಡ್ಡಿಯ ಚೂರುಗಳಂಥ ಉದ್ದುದ್ದ ಕಾಳು. ಅವುಗಳ ನಡುವೆ ಗಸಗಸೆಯಷ್ಟು ಸಣ್ಣಗಿನ, ಹೊಳೆಯುವ ದುಂಡು ಕಾಳುಗಳು ಬೆರೆತಿದ್ದವು. ಮೊದಲು ಬಿಚ್ಚಿದ ತೋಟಾದಲ್ಲೂ ಹೀಗೇ ಇತ್ತು. ಅದರ ನಂತರದ್ದರಲ್ಲೂ ಹೀಗೇ ಇತ್ತು.

ಅವಳು ಕೆಳಗೆ ಬಂದದ್ದು ಒಂದೇ ಒಂದು ತೋಟಾ ಒಯ್ಯಲು. ತೀರಿಹೋದ ಗಂಡ ಸೆಲ್ಮರನ ತಮ್ಮ ಪಾಮರ್ ಹಿಂದಿನ ದಿನ ಕೇಳಿದ್ದ: "ಅಣ್ಣನ ಕೋಟಿನ ಜೇಬಲ್ಲಿ ಅವನೇ ಮಾಡಿದ ತೋಟಾ ಒಂದಿಡೋಣ. ಪೆಟ್ಟಿಗೆ ಮುಚ್ಚೋ ಮುಂಚೆ ತಂದ್ಕೊಡು." ಮೇಜಿನ ಮೇಲಿದ್ದ ಡಬ್ಬಿಯಿಂದ ಒಂದನ್ನು ತೆಗೆದು, ಹಳೆಯ ಅಭ್ಯಾಸಕ್ಕೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದಳು. ಸೆಲ್ಮರ್ ತುಂಬಿದ ತೋಟಾ ಸದ್ದು ಮಾಡುತ್ತಿರಲಿಲ್ಲ. ಮದ್ದು ಕತ್ತಿನವರೆಗೆ ಗಿಡಿದು ಕೂತಿರುತ್ತಿತ್ತು. ಇದು ಗಿಲಕಿಯ ಹಾಗೆ ಸದ್ದು ಮಾಡಿತು.

ಈಗ ಬಗ್ಗಿ ನೋಡಿದರೆ ಮೇಜಿನ ಕೆಳಗೆ ಒಂದು ಹಳೆಯ ಕಾಫಿ ಡಬ್ಬ. ಮುಚ್ಚಳ ತೆರೆದೇ ಇತ್ತು. ಒಳಗೆ ತಳದಲ್ಲಿ ಅದೇ ಗಸಗಸೆಯಂಥ ಕಾಳು. ಪಿಸ್ತೂಲಿನ ಮದ್ದು. ಗ್ಯಾರೇಜಿನ ಯಾವ ಮೂಲೆಯಲ್ಲಿ ಎಷ್ಟು ವರ್ಷದಿಂದ ಬಿದ್ದಿತ್ತೋ, ಹೇಗೆ ಹುಡುಕಿ ತಂದನೋ. ರೈಫಲಿನ ಮದ್ದು ಸಾಲದೆ ಬಂದಾಗ ಇದನ್ನು ಅದಕ್ಕೆ ಬೆರೆಸಿ ತುಂಬಿಸಿದ್ದಾನೆ.

"ರೈಫಲಿನ ಮದ್ದು ಗುಂಡನ್ನ ತಳ್ಳುತ್ತೆ, ಪಿಸ್ತೂಲಿನ ಮದ್ದು ಗುದ್ದುತ್ತೆ" ಎಂದು ಸೆಲ್ಮರನೇ ಹೇಳುತ್ತಿದ್ದ. ನದಿಯಾಚೆಯ ಒಬ್ಬ ಇದೇ ತಪ್ಪು ಮಾಡಿದಾಗ ಕೋವಿ ಅವನ ಮುಖದ ಮುಂದೆಯೇ ಬಿರಿದಿತ್ತು. ಒಂದು ಕಣ್ಣು ಹೋಯಿತು, ಹೆಬ್ಬೆರಳು ಹೋಯಿತು. ಆಸ್ಪತ್ರೆಗೆ ಹೋಗಿ ಅವನನ್ನು ನೋಡಿ ಬಂದ ದಿನ ಸೆಲ್ಮರ್ ಊಟ ಮಾಡಿರಲಿಲ್ಲ.

ಆರ್ಡಿಸ್ ತೋಟಾದ ಡಬ್ಬಿಯತ್ತ ತಿರುಗಿದಳು. ತಾನು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮೈಲ್ಸ್ ಸಿಟಿಯ ಆಸ್ಪತ್ರೆಗೆ ಹೋಗಿ ಮರಳಿದಾಗ ಈ ಮೇಜಿನ ಮೇಲೆ ಎರಡು ಹಸಿರು ಡಬ್ಬಿಗಳಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಚಳಿಗಾಲದಲ್ಲಿ ತಾನೇ ಪಕ್ಕದಲ್ಲಿ ಕೂತು ತೂಗಿಸಿದವು ಅಂದುಕೊಂಡಿದ್ದಳು. ಈಗ ಉಳಿದಿರುವುದು ಒಂದು.

ಮತ್ತೆ ಹಾರನ್ ಕೇಳಿಸಿತು. ಪಾಮರ್ ಮೆಟ್ಟಿಲ ಬಾಗಿಲಲ್ಲಿ ಬಂದು ನಿಂತು ಕೂಗಿದ: "ಆರ್ಡಿಸ್, ಪಾದ್ರಿ ಕಾಯ್ತಿದಾರೆ. ತೋಟಾ ಸಿಕ್ಕಿತಾ?"

"ಸಿಗಲಿಲ್ಲ" ಅಂದಳು.

"ಈ ಮನೇಲಿ ತೋಟಾ ಸಿಗಲಿಲ್ವಾ? ಬೇಕರೀಲಿ ಬ್ರೆಡ್ ಇಲ್ಲ ಅಂದ ಹಾಗಾಯ್ತು."

ಅವಳು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ತೋಳು ಇಳಿಸಿಕೊಂಡು ಮೇಲೆ ಹತ್ತಿದಳು.

* * *

ಮದುವೆಯಾದ ಹೊಸತರಲ್ಲಿ ಸೆಲ್ಮರ್ ಒಂದು ಪುಟ್ಟ ರೈಫಲನ್ನು ಮನೆಗೆ ತಂದಿದ್ದ. ಅದರ ಗುಂಡು ಪೆನ್ಸಿಲಿನ ಮೊನೆಗಿಂತ ತುಸು ದಪ್ಪ ಅಷ್ಟೆ. ಚಳಿಗಾಲದಲ್ಲಿ ಜಿಲ್ಲೆಯ ರಸ್ತೆಗಳ ಹಿಮ ತಳ್ಳುವ ಲಾರಿ ಓಡಿಸುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ನೆಲಮಾಳಿಗೆಯಲ್ಲಿ. ಅಂಗಡಿಯ ತೋಟಾ ಹಾಕಿದರೆ ಗುಂಡುಗಳು ಊಟದ ತಟ್ಟೆಯಗಲ ಚೆದುರುತ್ತಿದ್ದವು.

"ತಪ್ಪು ಕೋವೀದಲ್ಲ. ಇದಕ್ಕೆ ಬೇಕಾದ್ದನ್ನ ನಾವು ಇನ್ನೂ ಕೊಟ್ಟಿಲ್ಲ" ಅನ್ನುತ್ತಿದ್ದ.

ಹಾರಿಸಿದ ಹಿತ್ತಾಳೆಯ ಕೊಳವೆಗಳನ್ನು ಆರ್ಡಿಸ್ ಒರೆಸಿ, ಬಾಯಿ ಸಮ ಮಾಡಿ ಕೊಡುತ್ತಿದ್ದಳು. ಅವನು ತಳಕ್ಕೆ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಪುಟ್ಟ ತಕ್ಕಡಿಯಲ್ಲಿ ಮದ್ದು ತೂಗಿ, ಗುಂಡು ಒತ್ತುತ್ತಿದ್ದ. ಒಂದು ವಾರ ಮದ್ದು ಕೂದಲೆಳೆಯಷ್ಟು ಹೆಚ್ಚು, ಇನ್ನೊಂದು ವಾರ ಕೂದಲೆಳೆಯಷ್ಟು ಕಡಿಮೆ. ಆಮೇಲೆ ಗುಂಡು ಎಷ್ಟು ಆಳ ಕೂರಬೇಕು ಎಂಬ ಚಿಂತೆ. ಭಾನುವಾರ ಚರ್ಚು ಮುಗಿದ ಮೇಲೆ ಜಲ್ಲಿ ಕ್ವಾರಿಗೆ ಹೋಗಿ ಪರೀಕ್ಷೆ. ಅವಳು ಕಂಬಳಿ ಸುತ್ತಿಕೊಂಡು ಲಾರಿಯ ಬಾನೆಟ್ಟಿನ ಮೇಲೆ ಕೂತು ದುರ್ಬೀನಿನಲ್ಲಿ ನೋಡುತ್ತಾ, ಎಲ್ಲಿ ಬಿತ್ತು ಎಂದು ಕೂಗಿ ಹೇಳುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಮಾತನ್ನು ಅವರು ಹೆಚ್ಚು ಆಡಲೂ ಇಲ್ಲ. ಭಾನುವಾರಗಳು ಹೀಗೇ ಕಳೆದವು.

ಒಂದು ಮಾರ್ಚಿ ತಿಂಗಳಲ್ಲಿ ಗಾಳಿಯೇ ಇಲ್ಲದ ದಿನ. ಸೆಲ್ಮರ್ ಒಂದರ ಹಿಂದೊಂದು ಐದು ಗುಂಡು ಹಾರಿಸಿ ತಿರುಗಿ ನೋಡಿದ.

"ಒಂದು ಬಿತ್ತು" ಅಂದಳು ಆರ್ಡಿಸ್. "ಉಳಿದವು ಕಾಗದಕ್ಕೇ ತಾಗಿಲ್ಲ ಕಣೋ."

ಅವನು ನಡೆದುಹೋಗಿ ಕಾಗದ ಕಿತ್ತು ತಂದು ಅವಳ ಮಡಿಲಲ್ಲಿ ಹಾಕಿದ. ಒಂದೇ ತೂತು, ಅಂಚು ಮಾತ್ರ ಹೂವಿನಂತೆ ಹರಿದಿತ್ತು.

"ಎಲ್ಲಾ ಅಲ್ಲೇ ಇವೆ" ಅಂದ. ಅವನ ಧ್ವನಿ ನಡುಗುತ್ತಿತ್ತು. ಮದುವೆಯ ದಿನ ಕೂಡ ಅಷ್ಟು ನಡುಗಿರಲಿಲ್ಲ.

ಅಲ್ಲಿಂದ ಮುಂದೆ ಸುತ್ತಲಿನ ಕುರಿಸಾಕಣೆಯವರೆಲ್ಲ ತಮ್ಮ ರೈಫಲುಗಳನ್ನು ಹೊತ್ತುಕೊಂಡು ಅವನ ಬಳಿ ಬರತೊಡಗಿದರು. ಪ್ರತಿ ಕೋವಿಗೂ ಅದು ಬಯಸುವ ತೋಟಾ ಯಾವುದೆಂದು ಅವನು ಹುಡುಕಿಕೊಡುತ್ತಿದ್ದ. ವಸಂತದಲ್ಲಿ ಕುರಿ ಈಯುವ ಹೊತ್ತಿಗೆ ನರಿಯಂಥ ಕಯೋಟಿಗಳು ಬೆಟ್ಟ ಇಳಿದು ಮರಿಗಳಿಗೆ ಬಾಯಿ ಹಾಕುತ್ತಿದ್ದವು. ಸೆಲ್ಮರನ ತೋಟಾ ಇದ್ದ ಮನೆಯವರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ ಎಂದು ಊರಲ್ಲಿ ತಮಾಷೆಯಿತ್ತು.

* * *

ಚರ್ಚಿನಲ್ಲಿ ಹಾಡು ನಡೆದಿತ್ತು. ಆರ್ಡಿಸ್ ಪುಸ್ತಕ ಹಿಡಿದುಕೊಂಡು ಬಾಯಿ ಆಡಿಸುತ್ತಿದ್ದಳು, ಕಣ್ಣು ಮಾತ್ರ ಸಾಲುಸಾಲಾಗಿ ತಲೆಗಳನ್ನು ಹುಡುಕುತ್ತಿತ್ತು. ಆ ಡಬ್ಬಿ ಯಾರಿಗೆ ಹೋಯಿತು? ಹಾರ್ಡ್‌ವೇರ್ ಅಂಗಡಿಯ ಕ್ಲೇಟನ್‌ಗೋ? ಅಂಚೆಮನೆಯ ಎದುರು ಇರುವ ಹೆಗ್ ಸಹೋದರರಿಗೋ? ಯಾರಾದರೂ ಬಂದಿಲ್ಲವಾದರೆ ಏಕೆ ಬಂದಿಲ್ಲ?

ಪಾಮರ್ ಎದ್ದು ನಿಂತು ಅಣ್ಣನ ಬಗ್ಗೆ ಮಾತಾಡಿದ. "ನಮ್ಮಣ್ಣ ಕಾಫಿಗೆ ಸಕ್ಕರೆ ಹಾಕುವಾಗಲೂ ಚಮಚದ ಅಂಚನ್ನ ಚಾಕುವಿಂದ ಸವರಿ ಸಮ ಮಾಡ್ತಿದ್ದ" ಅಂದ. ಜನ ನಕ್ಕರು. "ಅವನು ಕೈಯಿಟ್ಟ ಕೆಲಸದಲ್ಲಿ ತಪ್ಪು ಹುಡುಕಿದವರು ಯಾರಾದ್ರೂ ಇದ್ರೆ ಕೈ ಎತ್ತಿ."

ಯಾರೂ ಕೈ ಎತ್ತಲಿಲ್ಲ. ಆರ್ಡಿಸ್ ಮತ್ತೆ ಮೊದಲ ಸಾಲಿನಿಂದ ತಲೆಗಳನ್ನು ನೋಡತೊಡಗಿದಳು.

ಸ್ಮಶಾನದಲ್ಲಿ ಏಪ್ರಿಲ್ ಗಾಳಿ ಹೆಂಗಸರ ಟೋಪಿಗಳನ್ನು ಕೀಳುತ್ತಿತ್ತು. ಮಣ್ಣು ಹಾಕಿ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದರು. ಎದುರಿಗೆ ಬಂದ ಪ್ರತಿಯೊಬ್ಬರನ್ನೂ ಅವಳು ಒಂದೇ ಮಾತು ಕೇಳಿದಳು.

"ಇತ್ತೀಚೆಗೆ ಸೆಲ್ಮರ್ ನಿಮಗೆ ತೋಟಾ ಕೊಟ್ಟಿದ್ನಾ?"

"ಇಲ್ಲಮ್ಮ, ಕಳೆದ ವರ್ಷ ಕೊಟ್ಟದ್ದೇ ಇನ್ನೂ ಇದೆ" ಅಂದ ಕ್ಲೇಟನ್. ಹೆಗ್‌ಗಳಲ್ಲಿ ಹಿರಿಯವನು ಅವಳ ಮುಖ ನೋಡಿ, "ಆರ್ಡಿಸ್, ನೀನು ಸ್ವಲ್ಪ ಕೂತ್ಕೋ" ಅಂದ.

ಸಾಲು ಅರ್ಧ ಮುಗಿಯುವ ಮೊದಲೇ ಪಾಮರ್ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದ. "ಏನಿದು, ಮಣ್ಣಿನ ಹತ್ರ ನಿಂತ್ಕೊಂಡು ತೋಟಾ ಲೆಕ್ಕ ಕೇಳ್ತಿದೀಯ. ಜನ ಏನಂದ್ಕೋಬೇಕು?"

"ನಿನಗೆ ಕೊಟ್ಟಿದ್ನಾ?"

"ನನಗೆ ಕೊಟ್ಟು ವರ್ಷಾಯ್ತು. ಯಾಕೆ, ಏನಾಯ್ತು?"

ಅವಳು ಬಾಯಿ ತೆರೆದಳು. ಹಿಂದೆ, ಇನ್ನೂ ಹಸಿಯಾಗಿದ್ದ ಮಣ್ಣಿನ ದಿಬ್ಬದ ಮೇಲೆ ಯಾರೋ ಹೂ ಸರಿಪಡಿಸುತ್ತಿದ್ದರು.

"ಏನಿಲ್ಲ" ಅಂದಳು.

* * *

ಕಳೆದ ಶರತ್ಕಾಲದಲ್ಲಿ ಅವಳು ಕಾಫಿ ಹಿಡಿದುಕೊಂಡು ಕೆಳಗಿಳಿದಾಗ ಸೆಲ್ಮರ್ ಮೇಜಿನ ಮುಂದೆ ನಿಂತಿದ್ದ. ಮದ್ದು ಸುರಿಯುವ ಗಾಜಿನ ಬುರುಡೆ ಅರ್ಧ ತುಂಬಿತ್ತು. ಮೇಜಿನ ಮೇಲೆ ಬೇರೆಬೇರೆ ಮದ್ದಿನ ಡಬ್ಬಗಳು ಬಾಯಿ ತೆರೆದುಕೊಂಡಿದ್ದವು. ಕೆಲಸ ಮುಗಿದೊಡನೆ ಬುರುಡೆ ಖಾಲಿ ಮಾಡಬೇಕು, ಒಂದು ಹೊತ್ತಿಗೆ ಒಂದೇ ಡಬ್ಬ ಮೇಜಿನ ಮೇಲಿರಬೇಕು. ಇದು ಅವನೇ ಮಾಡಿದ ಕಟ್ಟಳೆ. ಬೇರೆಯವರು ಮುರಿದರೆ ಸಿಡಿದು ಬೀಳುತ್ತಿದ್ದ.

"ಆರ್ಡಿಸ್" ಅಂದ. "ಇದರಲ್ಲಿರೋದು ಯಾವುದು?"

"ನೀನೇ ತಾನೆ ಸುರಿದದ್ದು?"

"ನಾನೇ ಇರಬೇಕು."

ಅವನ ಕೈಯಲ್ಲಿ ಒಂದು ಮುಚ್ಚಳವಿತ್ತು. ಅದನ್ನು ಒಂದು ಡಬ್ಬದ ಮೇಲಿಟ್ಟ, ತೆಗೆದ, ಇನ್ನೊಂದರ ಮೇಲಿಟ್ಟ. ಕತ್ತಲೆಯ ಕೋಣೆಯಲ್ಲಿ ಗೋಡೆ ತಡವುವವನ ಹಾಗೆ. ಅವಳು ಕಾಫಿ ಕೆಳಗಿಟ್ಟು, ಬುರುಡೆಯನ್ನು ಹೊರಗೊಯ್ದು ಹುಲ್ಲಿನ ಮೇಲೆ ಚೆಲ್ಲಿ ಬಂದಳು. ಬಂದಾಗ ಅವನು ಸ್ಟೂಲಿನ ಮೇಲೆ ಕೂತಿದ್ದ.

"ಡಾಕ್ಟರು ಹೇಳಿದ್ದು ನಿಜ ಅನ್ಸುತ್ತೆ ಕಣೆ. ಮೊನ್ನೆ ಲಾರಿ ನಿಲ್ಲಿಸ್ಕೊಂಡು ಕೂತಿದ್ದೆ, ಯಾವ ಕಡೆ ಮನೆ ಅಂತ ಹೊಳೀಲಿಲ್ಲ. ನನಗೆ ಭಯ ಆಗ್ತಿದೆ."

ಅಷ್ಟು ವರ್ಷದಲ್ಲಿ ಭಯ ಅನ್ನುವ ಮಾತು ಅವನ ಬಾಯಲ್ಲಿ ಬಂದದ್ದನ್ನು ಅವಳು ಕೇಳಿರಲಿಲ್ಲ.

"ಇದನ್ನ ಬಿಟ್ಬಿಡು ಸೆಲ್ಮರ್."

"ಇದನ್ನೂ ಬಿಟ್ರೆ ಏನುಳೀತು? ನೀನು ಪಕ್ಕದಲ್ಲಿ ಕೂತ್ಕೋ. ನಾನು ತೂಗಿದ್ದನ್ನೆಲ್ಲ ನೀನೂ ತೂಗು." ಆಮೇಲೆ ಅವಳ ಬೆರಳುಗಳನ್ನು ಹಿಡಿದುಕೊಂಡು ಹೇಳಿದ: "ಊರಿಗೆ ಗೊತ್ತಾಗೋದು ಬೇಡ. ಪಾಮರ್‌ಗೂ ಬೇಡ. ಮಾತು ಕೊಡು."

ಅವಳು ಮಾತು ಕೊಟ್ಟಳು. ರೈಫಲಿನ ಒಂದೇ ಒಂದು ಮದ್ದನ್ನು ಬಿಟ್ಟು ಮನೆಯಲ್ಲಿದ್ದ ಉಳಿದೆಲ್ಲ ಡಬ್ಬಗಳನ್ನೂ ಊರಾಚೆ ಒಯ್ದು ಸುಟ್ಟಳು. ಆ ಚಳಿಗಾಲವೆಲ್ಲ ಪಕ್ಕದಲ್ಲಿ ಕೂತು ಒಂದೊಂದನ್ನೂ ತೂಗಿದಳು, ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಅವಳಿಲ್ಲದೆ ಅವನು ತೋಟಾ ತುಂಬಿರಬಹುದಾದದ್ದು ಅವಳು ಆಸ್ಪತ್ರೆಯಲ್ಲಿದ್ದಾಗ ಮಾತ್ರ. ಕಾಫಿ ಡಬ್ಬದ ಸುದ್ದಿ ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಮರಳಿದ ಕೆಲವೇ ದಿನಕ್ಕೆ ಸೆಲ್ಮರ್ ಅಂಚೆಮನೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ.

* * *

ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಮೇಜುಗಳನ್ನು ಸಾಲಾಗಿ ಇಟ್ಟಿದ್ದರು. ಹ್ಯಾಮ್ ತುಂಬಿದ ಬನ್ನು, ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆಯ ಹಾಟ್‌ಡಿಶ್, ಹಸಿರು ಜೆಲ್ಲಿ. ಯಾರೋ ಅವಳ ಮುಂದೆ ತಟ್ಟೆ ತುಂಬಿಸಿಟ್ಟರು. ಎದುರಿಗೆ ಪಾಮರ್, ಅವನ ಪಕ್ಕದಲ್ಲಿ ಕುರಿಸಾಕಣೆಯ ಆರ್ಲೋ ಬಾಕೆನ್ ಕೂತಿದ್ದರು. ಆರ್ಲೋನ ಹೆಂಡತಿ ಮಾರ್ವಾ ಕಾಫಿ ಕೆಟಲು ಹಿಡಿದುಕೊಂಡು ಬಂದಳು.

"ಟ್ವೈಲಾಗೆ ಬರೋಕಾಗಲಿಲ್ಲ ಆರ್ಡಿಸ್, ತಪ್ಪು ತಿಳ್ಕೋಬೇಡ" ಅಂದಳು. ಟ್ವೈಲಾ ಅವರ ಮಗಳು. ಚಿಕ್ಕಂದಿನಲ್ಲಿ ಹುಲ್ಲಿನ ಮೇಲೆ ಸೆಲ್ಮರನ ಪಕ್ಕ ಬೋರಲು ಮಲಗಿ, ಅವನದರಂಥದೇ ಪುಟ್ಟ ರೈಫಲಿನಲ್ಲಿ ಗುರಿ ಹಿಡಿಯಲು ಕಲಿತವಳು, ಈಗ ಸಾಕಣೆಯ ಕೆಲಸವೆಲ್ಲ ಅವಳದೇ. "ಕೊಟ್ಟಿಗೆ ಹತ್ರಾನೇ ಬಂದು ಕಯೋಟಿ ಮರಿ ಎಳ್ಕೊಂಡು ಹೋಯ್ತು. ನಾವಿಬ್ರೂ ಬಂದ್ರೆ ಕಾಯೋರು ಯಾರು. ಬೆಳಗ್ಗೆಯಿಂದ ಗುಡ್ಡದ ಮೇಲೆ ಕಾದು ಕೂತಿದಾಳೆ. ‘ಸೆಲ್ಮರಿಗೆ ನನ್ನ ಮರ್ಯಾದೆ ಇದೇ ಅಮ್ಮ, ಅವರ ತೋಟಾದಿಂದ್ಲೇ ಹೊಡೀತೀನಿ’ ಅಂದ್ಲು."

ಆರ್ಡಿಸ್ ಫೋರ್ಕು ಕೆಳಗಿಟ್ಟಳು.

"ಯಾವ ತೋಟಾ?"

"ತೀರ್ಕೊಳ್ಳೋ ಮುಂಚೆ ಸೆಲ್ಮರ್ರೇ ಬಂದು ಕೊಟ್ಟಿದ್ರಲ್ಲ, ಹಸಿರು ಡಬ್ಬಿ. ಪಾಪ, ಅವತ್ತು ಅವಳನ್ನ ನನ್ನ ಹೆಸರಿಂದ, ಮಾರ್ವಾ ಮಾರ್ವಾ ಅಂತಲೇ ಕರೆದ್ರಂತೆ. ತಮಾಷೆ ಮಾಡ್ತಿದಾರೆ ಅಂದ್ಕೊಂಡ್ಲು."

"ಅವಳಿಗೆ ಫೋನ್ ಮಾಡು."

"ಆ ಗುಡ್ಡದಲ್ಲಿ ಫೋನ್ ಎಲ್ಲಿ ಹಿಡಿಯುತ್ತೆ?"

"ಆರ್ಲೋ" ಅಂದಳು ಆರ್ಡಿಸ್. ಧ್ವನಿ ಸಾದಾ ಇರಲಿ ಎಂದು ಹೆಣಗಿದಳು. "ಆ ಡಬ್ಬಿ ನನಗೆ ಬೇಕು. ಅವನ ನೆನಪಿಗೆ ಇಟ್ಕೋತೀನಿ. ಈಗ್ಲೇ ಹೋಗಿ ತರೋಣ."

"ಅದಕ್ಕೇನಂತೆ, ನಾಳೆ ಬೆಳಗ್ಗೆ ನಾನೇ ತಂದ್ಕೊಡ್ತೀನಿ. ನೀನು ಮೊದಲು ಎರಡು ತುತ್ತು ತಿನ್ನು."

ಮೇಜಿನ ಎರಡೂ ಕಡೆ ಜನ ಅವಳನ್ನೇ ನೋಡುತ್ತಿದ್ದರು, ದುಃಖದಲ್ಲಿರುವವರನ್ನು ನೋಡುವ ಕನಿಕರದಿಂದ. ಆ ಕನಿಕರ ಇನ್ನೊಂದು ಗಳಿಗೆಯಲ್ಲಿ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೇಜಿಗೆ ಕೈ ಊರಿ ಎದ್ದಳು.

"ಅವು ಕೆಟ್ಟಿವೆ" ಅಂದಳು. "ರೈಫಲಿನ ಮದ್ದಿಗೆ ಪಿಸ್ತೂಲಿನ ಮದ್ದು ಬೆರೆತಿದೆ. ಬೆಳಗ್ಗೆ ನಾನೇ ಬಿಚ್ಚಿ ನೋಡಿದೆ."

ಪಾಮರ್ ಬಟ್ಟಲು ಕೆಳಗಿಟ್ಟ. "ಆರ್ಡಿಸ್, ಯಾರ ಬಗ್ಗೆ ಮಾತಾಡ್ತಿದೀಯ ಗೊತ್ತಾ? ನಮ್ಮಣ್ಣ ಆ ತಪ್ಪು ಮಾಡೋನಲ್ಲ."

"ಮಾಡೋನಲ್ಲ. ಆದ್ರೆ ಅವನಿಗೆ ಮರೆವಿನ ಕಾಯಿಲೆ ಬಂದಿತ್ತು. ಒಂದು ವರ್ಷದಿಂದ ಇತ್ತು. ಕೊನೇಕೊನೇಗೆ ಮನೆ ದಾರಿಯೂ ತಪ್ಪುತ್ತಿತ್ತು."

"ಅವನನ್ನ ಮಣ್ಣು ಮಾಡಿ ಇನ್ನೂ ಒಂದು ಗಂಟೆಯಾಗಿಲ್ಲ" ಅಂದ ಪಾಮರ್. ಅವನ ಕಿವಿಗಳು ಕೆಂಪಾಗಿದ್ದವು. "ಊರ ಮುಂದೆ ಹೀಗೆ ಹೇಳೋಕೆ ನಿನಗೆ ಹೇಗೆ ಮನಸ್ಸು ಬಂತು?"

"ನಾಳೆ ನನ್ನ ಬೈಯಿ. ನಾಳೆ ಎಷ್ಟು ಬೇಕಾದ್ರೂ ಬೈಯಿ. ಆರ್ಲೋ, ಎದ್ದೇಳು."

ಆರ್ಲೋ ಆಗಲೇ ಎದ್ದಿದ್ದ. ಅವನ ಕುರ್ಚಿ ಹಿಂದಕ್ಕೆ ಬಿತ್ತು. ಮಾರ್ವಾ ಕೆಟಲು ಹಿಡಿದುಕೊಂಡು ಹಾಗೇ ನಿಂತಿದ್ದಳು. ಪಕ್ಕದವಳು ಅದನ್ನು ಅವಳ ಕೈಯಿಂದ ಬಿಡಿಸಿಕೊಂಡಳು.

* * *

ಜಲ್ಲಿ ರಸ್ತೆಯಲ್ಲಿ ಪಿಕಪ್ ಹಾರಿಹಾರಿ ಬೀಳುತ್ತಿತ್ತು. ಎರಡೂ ಕಡೆ ಒಣಹುಲ್ಲಿನ ಬಯಲು ಗಾಳಿಗೆ ಬಾಗಿ ಬಾಗಿ ಏಳುತ್ತಿತ್ತು. ಆರ್ಡಿಸ್ ಪರ್ಸನ್ನು ಎದೆಗವಚಿಕೊಂಡು ಕೂತಿದ್ದಳು. ಟ್ವೈಲಾ ಗುರಿ ಹಿಡಿಯುವ ಬಗೆ ಅವಳಿಗೆ ಗೊತ್ತು. ಸೆಲ್ಮರ್ ಕಲಿಸಿದ್ದೇ ಹಾಗೆ: ಕೆನ್ನೆಯನ್ನು ಮರಕ್ಕೆ ಚೆನ್ನಾಗಿ ಒತ್ತಬೇಕು, ಕೋವಿಗೂ ನಿನಗೂ ನಡುವೆ ಗಾಳಿ ನುಸುಳಬಾರದು. ಅಷ್ಟು ಹತ್ತಿರ ಇರುತ್ತದೆ ಮುಖ.

"ಈಗಾಗ್ಲೇ ಹಾರಿಸಿದ್ರೆ?" ಎಂದು ಕೊನೆಗೂ ಕೇಳಿದ ಆರ್ಲೋ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಸಾಕಣೆಯ ಗೇಟಿನ ಬಳಿ ಪಿಕಪ್ ನಿಂತಿತು. ಆರ್ಡಿಸ್ ಇಳಿದು ಸರಪಳಿ ಬಿಚ್ಚತೊಡಗಿದಳು. ಹೊಸ ಬೂಟುಗಳು ಕೆಸರಲ್ಲಿ ಹೂತವು. ತಣ್ಣಗಿನ ಕಬ್ಬಿಣ ಬೆರಳಿಗೆ ಸಿಗುತ್ತಿರಲಿಲ್ಲ. ಗೇಟು ತೆರೆದುಕೊಳ್ಳುವ ಹೊತ್ತಿಗೆ ಗುಡ್ಡದ ಆಚೆಯಿಂದ ಗುಂಡಿನ ಸದ್ದು ಬಂತು.

ಪುಟ್ಟ ರೈಫಲಿನ ಸದ್ದನ್ನು ಅವಳು ಬಾನೆಟ್ಟಿನ ಮೇಲೆ ಕೂತು ಎಷ್ಟು ಭಾನುವಾರ ಕೇಳಿದ್ದಳು. ಒಣ ಕಡ್ಡಿ ಮುರಿದಂಥ ಸದ್ದು ಅದು. ಈಗ ಬಂದದ್ದು ಅದಲ್ಲ. ಹಲಗೆಯ ಮೇಲೆ ಕೊಡಲಿ ಬಿದ್ದಂತೆ, ದಪ್ಪಗೆ, ಒರಟಾಗಿ. ಆಮೇಲೆ ಗಾಳಿಯ ಸದ್ದು ಮಾತ್ರ.

"ಹತ್ತು" ಅಂದ ಆರ್ಲೋ. ಅವಳು ಬಾಗಿಲು ಹಾಕಿಕೊಳ್ಳುವ ಮೊದಲೇ ಪಿಕಪ್ ನುಗ್ಗಿತು. ಹುಟ್ಟಿದಾಗಿನಿಂದ ಕುರಿಗಳೊಡನೆ ಬದುಕಿದ ಆ ಮನುಷ್ಯ ಗೇಟನ್ನು ಮುಚ್ಚದೆ ಹಾರುಹೊಡೆದು ಬಿಟ್ಟು ಹೋದ.

ದಾರಿಯಿಲ್ಲದ ಕಡೆ ಗುಡ್ಡ ಏರಿ, ಚಕ್ರ ಹೂತಾಗ ಇಳಿದು ಓಡಿದರು. ಆರ್ಲೋ ಮುಂದೆ, ಆರ್ಡಿಸ್ ಹಿಂದೆ. ದಿಣ್ಣೆಯ ಮೇಲೆ, ಬಂಡೆಯ ಪಕ್ಕ, ಅವರಿಗೆ ಬೆನ್ನು ಹಾಕಿ ಟ್ವೈಲಾ ಮಂಡಿಯೂರಿ ಮುಂದಕ್ಕೆ ಬಾಗಿದ್ದಳು. ತಲೆ ಕಾಣಿಸುತ್ತಿರಲಿಲ್ಲ.

ಆರ್ಲೋನ ಕಾಲು ನಿಂತುಬಿಟ್ಟಿತು. ಮುಂದಕ್ಕೆ ಹೋಗಲು ಅವನಿಂದಾಗಲಿಲ್ಲ. ಆರ್ಡಿಸ್ ಅವನನ್ನು ದಾಟಿ ನಡೆದಳು.

ಆಗ ಟ್ವೈಲಾಳ ಬಲಗೈ ಮೇಲೆದ್ದಿತು. ಕೈಯಲ್ಲೊಂದು ಕಲ್ಲಿತ್ತು. ಅದರಿಂದ ಮಂಡಿಯ ನಡುವೆ ಹಿಡಿದ ರೈಫಲಿನ ಚಿಲಕದಂಥ ಬೋಲ್ಟನ್ನು ಕುಟ್ಟಿದಳು. ಬೋಲ್ಟು ಕಿರುಗುಟ್ಟಿ ಹಿಂದೆ ಸರಿಯಿತು, ಮಸಿ ಹಿಡಿದ ಹಿತ್ತಾಳೆಯ ಕೊಳವೆ ಹುಲ್ಲಿಗೆ ಬಿತ್ತು. ಅವಳ ಎಡಗೈ ಆಗಲೇ ಇನ್ನೊಂದು ತೋಟಾ ಹಿಡಿದು ಕಾಯುತ್ತಿತ್ತು.

"ಟ್ವೈಲಾ, ಕೆಳಗಿಡು ಅದನ್ನ" ಅಂದಳು ಆರ್ಡಿಸ್. ಕೂಗಿದೆ ಅಂದುಕೊಂಡಳು, ಬಂದದ್ದು ಬರೀ ಗಾಳಿಯಷ್ಟು ಧ್ವನಿ.

ಟ್ವೈಲಾ ತಿರುಗಿದಳು. "ಆರ್ಡಿಸ್? ಮಣ್ಣು ಮುಗೀತಾ? ನೀವ್ಯಾಕೆ ಇಲ್ಲಿ?" ಆಮೇಲೆ ಅಪ್ಪನನ್ನು ನೋಡಿದಳು. "ಅಪ್ಪ, ಈ ಕೋವಿಗೆ ಏನೋ ಆಗಿದೆ. ಹಾರಿಸಿದ್ದೇ ತಡ ಮುಖಕ್ಕೆ ಬೆಂಕಿ ಹೊಡೀತು, ಬೋಲ್ಟು ಕಚ್ಕೊಂಡ್ಬಿಡ್ತು. ಕಯೋಟಿ ಇನ್ನೂ ಅಲ್ಲೇ ಹಳ್ಳದಲ್ಲಿದೆ, ಇನ್ನೊಂದು ಹಾಕಿದ್ರೆ ಸಿಗುತ್ತೆ."

ಆರ್ಡಿಸ್ ಅವಳ ಎಡಗೈಯ ಬೆರಳುಗಳನ್ನು ಬಿಡಿಸಿ ತೋಟಾ ತೆಗೆದುಕೊಂಡಳು. ಹುಲ್ಲಲ್ಲಿದ್ದ ಹಸಿರು ಡಬ್ಬಿಯನ್ನೂ ಎತ್ತಿಕೊಂಡಳು.

"ಕೋವೀದು ತಪ್ಪಲ್ಲ. ತೋಟಾದ್ದು."

"ಇವು ಸೆಲ್ಮರ್ ಮಾಡಿದ್ದು" ಅಂದಳು ಟ್ವೈಲಾ. ಅವಳು ನಗುವಂತಿದ್ದಳು. "ತೋಟಾ ಕೆಟ್ಟಿರೋಕೆ ಸಾಧ್ಯಾನೇ ಇಲ್ಲ. ನಾನೇ ನಳಿಗೆ ಸರಿಯಾಗಿ ಒರೆಸಿರಲಿಲ್ವೇನೋ."

ಒಮ್ಮೆ ಊರ ಮುಂದೆ ಹೇಳಿಯಾಗಿತ್ತು. ಇವಳೊಬ್ಬಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಆರ್ಡಿಸ್ ಅವಳ ಎದುರಿಗೆ ಹುಲ್ಲಿನ ಮೇಲೇ ಕೂತಳು.

"ಅವನಿಗೆ ಎಲ್ಲಾ ಮರೆತುಹೋಗ್ತಿತ್ತು ಟ್ವೈಲಾ. ಅವತ್ತು ನಿನ್ನ ಹೆಸರು ಕೂಡ."

ಟ್ವೈಲಾ ಕೋವಿಯನ್ನು ನೋಡಿದಳು, ಹುಲ್ಲಲ್ಲಿ ಬಿದ್ದಿದ್ದ ಊದಿಕೊಂಡ ಕೊಳವೆಯನ್ನು ನೋಡಿದಳು, ಕೋವಿಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಆರ್ಲೋ ಬಂದು ಮಗಳ ಹಿಂದೆ ನಿಂತ, ಅವಳ ನೆತ್ತಿಯ ಮೇಲೆ ಕೈಯಿಟ್ಟ. ಕೆಳಗೆ ಕೊಟ್ಟಿಗೆಯಲ್ಲಿ ಮರಿಗಳು ಕೂಗುತ್ತಿದ್ದವು.

ಟ್ವೈಲಾಳ ಬಲಗೆನ್ನೆಯ ಮೇಲೆ, ಕಣ್ಣಿಗಿಂತ ಒಂದು ಬೆರಳಗಲ ಕೆಳಗೆ, ಸಿಡಿದ ಮದ್ದಿನ ಕಪ್ಪು ಚುಕ್ಕೆಗಳು ಚಿಮುಕಿಸಿದಂತಿದ್ದವು. ಆರ್ಡಿಸ್ ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು, ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಮಗುವಿನ ಮುಖ ಹಿಡಿದಂತೆ ಅವಳ ಗದ್ದ ಹಿಡಿದು ಒರೆಸತೊಡಗಿದಳು. ಚುಕ್ಕೆಗಳು ಹೋಗಲಿಲ್ಲ. ಅವು ಚರ್ಮದೊಳಕ್ಕೆ ಇಳಿದಿದ್ದವು.

"ಬಿಡಿ ಆರ್ಡಿಸ್, ಉರಿಯುತ್ತೆ" ಅಂದಳು ಟ್ವೈಲಾ.

"ಇರು, ಹೋಗುತ್ತೆ" ಅಂದಳು ಆರ್ಡಿಸ್. ಕರವಸ್ತ್ರವನ್ನು ಮಡಚಿ ಇನ್ನೊಂದು ಬದಿಯಿಂದ ಮತ್ತೆ ಒರೆಸಿದಳು.